ಗಿಟಾರ್ ಮೇಷ್ಟ್ರು ಮತ್ತೆ ತುಂಟರಾದರೆ ಯಾರಿಗೇನು ನಷ್ಟ?

ವಿದ್ಯಾವಂತರ ಬಾಯಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ. ನಮ್ಮ ಶಿಕ್ಷಕ ವರ್ಗದಲ್ಲಂತೂ ಸ್ವಲ್ಪ ಜಾಸ್ತಿಯೇ. ಲಂಡನ್ನಿಗೆ ಹೋಗಿ ಸಿಂಫನಿ ಮಾಡಿ ಬಂದ ಇಳಯರಾಜಾ ಇನ್ನೂ ಆ ಎಂಬತ್ತರ ದಶಕದ ಕುಣಿತದ ಹಾಡುಗಳನ್ನೇ ಹಿಡಿದುಕೊಂಡು ಊರೂರು ತಿರುಗುವುದೇ, ವಯಸ್ಸಿಗೆ, ಪದವಿಗೆ ತಕ್ಕಂತೆ ಗಂಭೀರವಾಗಿ ಇರಬಾರದೇ ಎಂಬುದು ಆ ಮಾತಿನ ಸಾರಾಂಶ. ಹೀಗೆ ಹೇಳುವವರ ಮುಖ ನೋಡಬೇಕು ನೀವು. ಪರೀಕ್ಷಾ ಕೊಠಡಿಯಲ್ಲಿ ನಕ್ಕ ಹುಡುಗನನ್ನು ಹಿಡಿದ ಮೇಲ್ವಿಚಾರಕರ ಮುಖ!

ನಮಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾಕೆ ಬರುತ್ತದೆ ಎಂದು ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ. ಇದು ಬರೀ ಸಿನಿಮಾ ಹಾಡಿನ ವಿಷಯ ಅಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವ ವಿಷಯ.

ಮೊದಲು ಮನುಷ್ಯ ಯಾರು ಎಂದು ನೋಡೋಣ. ತೇನಿ ಜಿಲ್ಲೆಯ ಪಣ್ಣೈಪುರಂನಲ್ಲಿ 1943ರಲ್ಲಿ ಹುಟ್ಟಿದವರು. (ಆ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕಪ್ಪಿಲಿಯರು ಇಂದಿಗೂ ಇದ್ದಾರೆ. ಅದು ಇನ್ನೊಂದು ದಿನದ ಕಥೆ.) ಅಣ್ಣ ಪಾವಲರ್ ವರದರಾಜನ್ ಅವರ ತಂಡದಲ್ಲಿ ಕಮ್ಯುನಿಸ್ಟ್ ಸಭೆಗಳ ಮುಂದೆ ಹಾರ್ಮೋನಿಯಂ ಬಾರಿಸುತ್ತ ಬೆಳೆದ ಹುಡುಗ. ಅರವತ್ತರ ದಶಕದ ಕೊನೆಗೆ ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಶಾಸ್ತ್ರೀಯ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ತೆಗೆದುಕೊಂಡರು. ಅಂದರೆ ಇಂದು ಹಾರ್ಮೋನಿಯಂ ಮುಂದೆ ಬಿಳಿ ಬಟ್ಟೆಯಲ್ಲಿ ಕೂತು ಹಾಡುವ ಈ ಹಿರಿಯರು ಮೂಲತಃ ಒಬ್ಬ ಗಿಟಾರ್ ಮನುಷ್ಯ. ಬಾಡಿಗೆ ಗಿಟಾರ್ ವಾದಕರಾಗಿ ಸಲೀಲ್ ಚೌಧರಿಯವರಂಥವರ ವಾದ್ಯಮೇಳದಲ್ಲಿ ಕೂತವರು. ಆಮೇಲೆ?

ಆಮೇಲೆ ಕನ್ನಡ! ಇದನ್ನು ಇಲ್ಲಿಯ ಬಹಳ ಜನ ಮರೆತಿದ್ದಾರೆ, ಅಲ್ಲಿಯ ಬಹಳ ಜನಕ್ಕೆ ಗೊತ್ತೇ ಇಲ್ಲ. ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಇಳಯರಾಜಾ ಸುಮಾರು 200 ಚಿತ್ರಗಳಿಗೆ ಕೆಲಸ ಮಾಡಿದರು, ಅದರಲ್ಲಿ ಹೆಚ್ಚಿನವು ಕನ್ನಡ ಎನ್ನುತ್ತಾರೆ. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಚಿತ್ರಗಳ ಸಂಗೀತ ಕೊಟ್ಟ ಜಿ.ಕೆ.ವಿ. ಗಂಭೀರರೇ. ಆದರೆ ಅದೇ ಮನುಷ್ಯ 'ಜೇಡರ ಬಲೆ'ಯಲ್ಲಿ (1968) ಸಿಐಡಿ 999ಗೆ ಗಿಟಾರು, ಸ್ಯಾಕ್ಸೊಫೋನು ತುಂಬಿ ಕುಣಿಸಿದರು. 'ಸಂಪತ್ತಿಗೆ ಸವಾಲ್'ನಲ್ಲಿ (1974) ರಾಜ್‌ಕುಮಾರರನ್ನು ಎಮ್ಮೆಯ ಮೇಲೆ ಕೂರಿಸಿ ಹಾಡಿಸಿದರು. 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ (1978) ಅದೇ ಅಣ್ಣಾವ್ರ ಕೈಲಿ ಇಂಗ್ಲಿಷ್ ಹಾಡನ್ನೂ ಹಾಡಿಸಿಬಿಟ್ಟರು! ನಾಟಕ ಕಂಪನಿಯಲ್ಲಿ ಪಳಗಿದ ಶಾಸ್ತ್ರೀಯ ಶಾರೀರ ಅದು. ಎಮ್ಮೆ ಹಾಡು ಹಾಡಿದ್ದಕ್ಕೆ ಅವರ ಗೌರವ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ಆ ಹಾಡಿನಿಂದಲೇ ಅವರು ಪೂರ್ಣಾವಧಿ ಗಾಯಕರಾದರು.

ಅಣ್ಣಾವ್ರ ಹೆಸರು ಬಂತು, ಇಲ್ಲಿ ಒಂದು ಉಪಕಥೆ. ಅವರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಕೊಯಮತ್ತೂರಿನ ಸಿಂಗಾನಲ್ಲೂರಿನ ನಮ್ಮ ಜನ ಕೆಲವರು ಇದು ನಮ್ಮ ಊರೇ ಎಂದು ಎದೆ ಉಬ್ಬಿಸುವುದುಂಟು. ಅಲ್ಲ ಸ್ವಾಮಿ, ಆ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಆದರೆ ಪೂರ್ತಿ ತಪ್ಪು ಎನ್ನುವಂತೆಯೂ ಇಲ್ಲ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಗಾಜನೂರು ಇರುವ ತಾಳವಾಡಿ ಸೀಮೆ ಅದರ ನಂತರವೂ ಇತ್ತು. ಹಾಗಾಗಿ ಎರಡು ಸಿಂಗಾನಲ್ಲೂರೂ ಒಂದು ಕಾಲಕ್ಕೆ ಒಬ್ಬನೇ ಕಲೆಕ್ಟರನ ಕೈಕೆಳಗಿದ್ದವು. ಈ ಸಿಂಗಾನಲ್ಲೂರಿನಲ್ಲಿ ನೊಯ್ಯಲ್ ನೀರಿನ ಕೆರೆ ಇದೆ, ಗಿರಣಿಗಳು ಇವೆ, ಮಧುರೆ, ತಿರುಚ್ಚಿ ಕಡೆಗೆ ಹೋಗುವ ಬಸ್ಸುಗಳ ನಿಲ್ದಾಣ ಇದೆ. ಆ ಬಸ್ಸು ಹತ್ತಿ ಕೂತರೆ ರಾತ್ರಿಯಿಡೀ ಇಳಯರಾಜಾ. ಡ್ರೈವರಿಗೆ ನಿದ್ದೆ ಬಾರದಿರಲು ಇದಕ್ಕಿಂತ ಒಳ್ಳೆಯ ಔಷಧ ಇನ್ನೂ ಯಾರೂ ಕಂಡುಹಿಡಿದಿಲ್ಲ. ಡ್ರೈವರ್ ಕೇಳುವುದು ಸಿಂಫನಿಯನ್ನಲ್ಲ ಎಂಬುದನ್ನೂ ಗಮನಿಸಿ.

ಈಗ ವಿಷಯಕ್ಕೆ. 1976ರಲ್ಲಿ 'ಅನ್ನಕ್ಕಿಳಿ' ಬಂತು, ಇಳಯರಾಜಾ ಸ್ವತಂತ್ರರಾದರು. ಐದೇ ವರ್ಷಕ್ಕೆ ಶಂಕರನಾಗ್ 'ಗೀತಾ' (1981) ಮಾಡಿದರು. ಆ ಚಿತ್ರದ 'ಸಂತೋಷಕ್ಕೆ' ಎಂಬ ಹಾಡು ಗೊತ್ತಿಲ್ಲದ ಕನ್ನಡಿಗ ಇದ್ದಾನೆಯೇ? ಚಿ. ಉದಯಶಂಕರ್ ಸಾಹಿತ್ಯ, ಎಸ್ಪಿಬಿ ಧ್ವನಿ, ಕೆಳಗೆ ಗುದ್ದುವ ಬೇಸ್ ಗಿಟಾರು, ಡ್ರಮ್ಸು. ಕಾಲೇಜು ಹುಡುಗ ಗಿಟಾರ್ ಹಿಡಿದರೆ ಹೇಗಿರುತ್ತದೆ ಎಂದು ಕನ್ನಡಕ್ಕೆ ತೋರಿಸಿದ ಹಾಡು. ರಾಕ್ ಎಂಬ ಪದ ಗೊತ್ತಿಲ್ಲದ ಹಳ್ಳಿಗಳಲ್ಲೂ ಆ ಹಾಡಿಗೆ ಕಾಲು ಕುಣಿದವು. ಯಾವ ಸಂದೇಶವೂ ಇಲ್ಲದ, ಹಾಡುವ ಖುಷಿಯನ್ನೇ ವಿಷಯವಾಗಿಟ್ಟುಕೊಂಡ ಹಾಡು ಅದು. ನಲವತ್ತು ವರ್ಷ ದಾಟಿದರೂ ಆರ್ಕೆಸ್ಟ್ರಾದವರು ಅದನ್ನು ಬಿಟ್ಟಿಲ್ಲ.

ಅದೇ ಚಿತ್ರದ 'ಜೊತೆಯಲಿ' ಹಾಡಿನ ಕಥೆ ಇನ್ನೂ ಸ್ವಾರಸ್ಯ. ಈ ಹಾಡಿನ ವಿಷಯದಲ್ಲಿ ನಮ್ಮ ಮಕ್ಕಳು ಅವಮಾನ ಪಟ್ಟದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಡಲು ಶುರು ಮಾಡಿದ ಕೂಡಲೇ ಪಕ್ಕದ ತಮಿಳು ಹುಡುಗರು, ಇದು ನಮ್ಮ 'ನೂರಾವದು ನಾಳ್' ಹಾಡು, ನೀವು ಕನ್ನಡದವರು ಕದ್ದಿದ್ದೀರಿ ಎಂದು ನಗುತ್ತಾರೆ. ಮಕ್ಕಳಿಗೆ ನಾವು ಇಸವಿ ಬರೆದುಕೊಟ್ಟಿದ್ದೇವೆ. 'ಗೀತಾ' 1981. 'ನೂರಾವದು ನಾಳ್' 1984. ಅಮಿತಾಭ್ ಬಚ್ಚನ್ ಮತ್ತು ತಬು ಅವರ 'ಚೀನಿ ಕಮ್' 2007. ಆದರೆ ಕದ್ದವರು ಯಾರು? ಯಾರೂ ಇಲ್ಲ! ಮನೆಯ ಯಜಮಾನ ತನ್ನ ಕಣಜದಿಂದ ತಾನೇ ಮೂರು ಸಲ ಭತ್ತ ಅಳೆದುಕೊಂಡರೆ ಅದನ್ನು ಕಳ್ಳತನ ಎನ್ನುತ್ತಾರೆಯೇ? ಈ ಇಸವಿ ಪಟ್ಟಿ ಹಿಡಿದು ತಮಿಳು ಮಕ್ಕಳ ಮೇಲೆ ಜಗಳಕ್ಕೆ ಹೋಗಬೇಡಿ ಎಂದೂ ಹೇಳಿದ್ದೇವೆ. ತಲೆ ತಗ್ಗಿಸದೆ ಹಾಡಿದರೆ ಸಾಕು.

ಇನ್ನು ಪದವಿಗೆ ತಕ್ಕಂತೆ ಇರಬೇಕು ಎನ್ನುವವರಿಗೆ ಸ್ವಲ್ಪ ಲೆಕ್ಕ ಒಪ್ಪಿಸೋಣ. ಇಳಯರಾಜಾ 1986ರಲ್ಲಿ 'ಹೌ ಟು ನೇಮ್ ಇಟ್' ಮಾಡಿದರು. ತ್ಯಾಗರಾಜರನ್ನೂ ಬಾಖನನ್ನೂ ಎದುರುಬದುರು ಕೂರಿಸಿದ ಗಂಭೀರ ಕೃತಿ. 1988ರಲ್ಲಿ ಹರಿಪ್ರಸಾದ್ ಚೌರಾಸಿಯಾ ಕೊಳಲಿಟ್ಟು 'ನಥಿಂಗ್ ಬಟ್ ವಿಂಡ್'. ಅದೇ 1988ರಲ್ಲಿ ಮಣಿರತ್ನಂ ಅವರ 'ಅಗ್ನಿ ನಕ್ಷತ್ರಂ' ಕೂಡ ಬಂತು. ಅದರ ಹಾಡು ಕೇಳಿದವರಿಗೆ ನಾವು ಹೇಳಬೇಕಾದ್ದೇನೂ ಇಲ್ಲ. ಕಾಲು ಸುಮ್ಮನಿದ್ದರೆ ಡಾಕ್ಟರ ಹತ್ತಿರ ಹೋಗಿ. 2005ರಲ್ಲಿ ಬುಡಾಪೆಸ್ಟಿನ ವಾದ್ಯವೃಂದದೊಂದಿಗೆ ಮಾಣಿಕ್ಕವಾಚಕರ ತಿರುವಾಚಕವನ್ನು ಸಿಂಫನಿ ಧಾಟಿಗೆ ತಂದರು. ಎರಡೇ ವರ್ಷಕ್ಕೆ 'ಚೀನಿ ಕಮ್', ಅದರಲ್ಲಿ ಶಂಕರನಾಗ್ ಕಾಲದ ಅದೇ ತುಂಟ ಮಟ್ಟು, ಈ ಸಲ ಶ್ರೇಯಾ ಘೋಷಾಲ್ ಬಾಯಲ್ಲಿ. 2012ರಲ್ಲಿ ಗೌತಮ್ ಮೆನನ್ ಚಿತ್ರ 'ನೀದಾನೇ ಎನ್ ಪೊನ್ವಸಂತಂ'. ಆಗ ಅವರಿಗೆ ಎಪ್ಪತ್ತರ ಹತ್ತಿರ, ಹಾಡುಗಳಿಗೆ ಮಾತ್ರ ಇಪ್ಪತ್ತು. ಮತ್ತೆ ಗಿಟಾರು! 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್‌ನವರು ನುಡಿಸಿದ 'ವೇಲಿಯಂಟ್' ಸಿಂಫನಿ. ಅದಾದ ಮೇಲೂ ಹಳೆಯ ಹಾಡುಗಳ ಕಚೇರಿ ನಿಂತಿಲ್ಲ.

ಈ ಪಟ್ಟಿಯನ್ನು ಒಂದು ಸಲ ನಿಧಾನವಾಗಿ ಓದಿ. ಏಣಿ ಹತ್ತಿ ಮೇಲೆ ಹೋದವನು ಮತ್ತೆ ಬಿದ್ದ ಕಥೆ ಇದಲ್ಲ. ಇದು ಬೆಟ್ಟ ಹತ್ತಿ ಬಂದು, ಕೆಳಗೆ ಚಹಾ ಅಂಗಡಿಯಲ್ಲಿ ಕೂತು ಹರಟೆ ಹೊಡೆದು, ಮತ್ತೆ ಬೆಟ್ಟ ಹತ್ತುವವನ ಕಥೆ. ನಮ್ಮ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಭಕ್ತರನ್ನು ನೋಡಿ, ದಾರಿಯುದ್ದಕ್ಕೂ ಕಂಸಾಳೆ, ಕುಣಿತ, ನಗೆಚಾಟಿಕೆ. ದೇವರ ಮುಂದೆ ಕಣ್ಣುಮುಚ್ಚಿ ನಿಲ್ಲುವವರೂ ಅವರೇ.

ಸರಕು ಖಾಲಿಯಾದವರು ಹಳೆಯದಕ್ಕೆ ಹೋಗುತ್ತಾರೆ ಎಂಬ ಇನ್ನೊಂದು ವಾದ ಇದೆ. ಕೆಲವರ ವಿಷಯದಲ್ಲಿ ನಿಜವೂ ಇದೆ, ಸುಳ್ಳೇಕೆ ಹೇಳೋಣ. ಹಳೆಯ ಹೆಸರಿನಲ್ಲಿ ಅಂಗಡಿ ನಡೆಸುವ ಕಲಾವಿದರು ಎಲ್ಲ ಭಾಷೆಯಲ್ಲೂ ಇದ್ದಾರೆ. ಆದರೆ ಹಿಂತಿರುಗುವುದೆಲ್ಲ ದಿವಾಳಿ ಅಲ್ಲ. ಎಂಬತ್ತು ವರ್ಷದ ವಿದ್ವಾಂಸರೂ ಬೆಳಗ್ಗೆ ಎದ್ದು ಮಾಯಾಮಾಳವಗೌಳದ ಸರಳೆ ವರಸೆಗೆ ಹೋಗುತ್ತಾರೆ, ಅದು ಮಗುವಿಗೆ ಕೊಡುವ ಮೊದಲ ಪಾಠ. ಅವರನ್ನು ಹಿಂದುಳಿದವರು ಎನ್ನುತ್ತೀರಾ?

ಕಡಲಾಚೆಗೆ ಹೋಗೋಣ ಬನ್ನಿ. ಕಾರ್ಲೋಸ್ ಸಾಂತಾನಾ ಎಂಬ ರಾಕ್ ಗಿಟಾರ್ ವಾದಕ ಇದ್ದಾರೆ, ಮೆಕ್ಸಿಕೋದವರು. ತಂದೆ ಊರ ಮೇಳದಲ್ಲಿ ಪಿಟೀಲು ನುಡಿಸುವವರು. 1969ರ ವುಡ್‌ಸ್ಟಾಕ್ ಮೇಳದಲ್ಲಿ ಲ್ಯಾಟಿನ್ ತಮಟೆಗಳ ಜೊತೆ ಗಿಟಾರ್ ಬಾರಿಸಿ ಲಕ್ಷಾಂತರ ಜನರನ್ನು ಕುಣಿಸಿದರು. ಆಮೇಲೆ ನಮ್ಮ ಭಾರತದವರೇ ಆದ ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ದೇವದೀಪ ಎಂಬ ಹೆಸರು ಪಡೆದರು. ಸಂಗೀತವೂ ಧ್ಯಾನಸ್ಥವಾಯಿತು. 1972ರ 'ಕ್ಯಾರವಾನ್‌ಸರಾಯ್', 1973ರಲ್ಲಿ ಜಾನ್ ಮೆಕ್‌ಲಾಫ್ಲಿನ್ ಜೊತೆಯ ಭಕ್ತಿಯ ಆಲ್ಬಂ. ದೊಡ್ಡ ಸಂಗೀತವೇ ಅದು, ನಾವು ಕೀಳುಗಳೆಯುವುದಿಲ್ಲ. ಆದರೆ 1976ರ 'ಅಮಿಗೋಸ್'ನಲ್ಲಿ ಅವರು ಮತ್ತೆ ತಮಟೆಗೆ, ಕುಣಿತಕ್ಕೆ ಬಂದರು. ಅಮಿಗೋಸ್ ಎಂದರೆ ಅವರ ಭಾಷೆಯಲ್ಲಿ ಗೆಳೆಯರು ಎಂದರ್ಥ, ಹೆಸರಿನಲ್ಲೇ ಎಲ್ಲ ಇದೆ. 1999ರಲ್ಲಿ, ಐವತ್ತು ದಾಟಿದ ಮೇಲೆ, ತಮ್ಮ ಮಕ್ಕಳ ವಯಸ್ಸಿನ ಹಾಡುಗಾರರನ್ನು ಸೇರಿಸಿಕೊಂಡು 'ಸೂಪರ್‌ನ್ಯಾಚುರಲ್' ಮಾಡಿದರು. ಮರುವರ್ಷ ಒಂದೇ ರಾತ್ರಿ 8 ಗ್ರ್ಯಾಮಿ! ಬೀಟಲ್ಸಿನ ಜಾರ್ಜ್ ಹ್ಯಾರಿಸನ್ ಕೂಡ ಹಾಗೆಯೇ. ರವಿಶಂಕರರ ಹತ್ತಿರ ಸಿತಾರ್ ಕಲಿತು, ಹರಿನಾಮ ಹಾಡಿ, ಕೊನೆಗೆ 1987ರ 'ಕ್ಲೌಡ್ ನೈನ್'ನಲ್ಲಿ ತಮ್ಮ ಹುಡುಗಾಟದ ದಿನಗಳನ್ನು ತಾವೇ ಅಣಕಿಸಿಕೊಂಡು ನಕ್ಕರು.

ಅಮೆರಿಕ, ಇಂಗ್ಲೆಂಡ್ ಬೇಡ ಎನ್ನುವವರಿಗೆ ನಮ್ಮ ಮನೆಯಲ್ಲೇ ಇದ್ದಾರಲ್ಲ. 'ಶ್ರೀರಾಮಾಯಣ ದರ್ಶನಂ' ಬರೆದ ಕುವೆಂಪು ಅವರೇ ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನೂ ಬರೆದರು. ಇಲಿಗಳ ಪಟ್ಟಿ ಓದುವಾಗ ಮೂರನೇ ತರಗತಿಯ ಮಕ್ಕಳು ಬೆಂಚಿನ ಮೇಲೆ ನಿಂತುಬಿಡುತ್ತವೆ, ಇಳಿಸಲು ನಮಗೆ ಸಾಕಾಗುತ್ತದೆ. ಜಿ.ಪಿ. ರಾಜರತ್ನಂ ಪಾಲಿ ಭಾಷೆ, ಬೌದ್ಧ ಸಾಹಿತ್ಯ ಅರೆದು ಕುಡಿದ ಪಂಡಿತರು. ತುತ್ತೂರಿಯನ್ನೂ ನಾಯಿಮರಿಯನ್ನೂ ಕೊಟ್ಟವರು ಅವರೇ, ಕುಡುಕ ರತ್ನನ ಪದಗಳನ್ನು ಕೊಟ್ಟವರೂ ಅವರೇ. ನಾಡಿನಾಚೆ ಇರುವ ನಮ್ಮಂಥವರ ಮನೆಗಳಲ್ಲಿ ಕನ್ನಡ ಓದಲು ಬಾರದ ಅಜ್ಜಿಯ ಬಾಯಲ್ಲೂ ಉಳಿದದ್ದು ನಾಯಿಮರಿಯೇ ಹೊರತು ಬೌದ್ಧ ಗ್ರಂಥವಲ್ಲ. ಇದು ಯಾರ ಅಪಮಾನವೂ ಅಲ್ಲ.

ಈಗ ನಮ್ಮ ಶಾಲೆಗೆ ಬರುತ್ತೇವೆ. ಕೆಲವು ವರ್ಷದ ಹಿಂದೆ ವಾರ್ಷಿಕೋತ್ಸವಕ್ಕೆ ನಮ್ಮ ಆರನೇ ತರಗತಿಯ ಮಕ್ಕಳು 'ಸಂತೋಷಕ್ಕೆ' ಹಾಡಿಗೆ ಕುಣಿಯಲು ಒಂದು ತಿಂಗಳು ಅಭ್ಯಾಸ ಮಾಡಿದ್ದರು. ಮುಖ್ಯ ಅತಿಥಿಗಳಾಗಿ ಬಂದಿದ್ದ ಹಿರಿಯರೊಬ್ಬರು ಪಟ್ಟಿ ನೋಡಿ, ಇದೇನು ರಸ್ತೆ ಹಾಡು, ಗಡಿನಾಡಿನಲ್ಲಿ ಕನ್ನಡದ ಮಾನ ಕಳೆಯುತ್ತೀರಾ ಎಂದರು. ಹಾಡು ತೆಗೆಸಿದರು. ಮಕ್ಕಳು ಬಣ್ಣ ಹಚ್ಚಿಕೊಂಡೇ ಹಿಂದಿನ ಸಾಲಿನಲ್ಲಿ ಕೂತರು. ಅವರ ಬದಲಿಗೆ ಒಂದು ಗಂಭೀರ ನಾಡಭಕ್ತಿಯ ಗೀತೆಯನ್ನು ಧ್ವನಿಮುದ್ರಿಕೆಯಲ್ಲಿ ಹಾಕಲಾಯಿತು, ವೇದಿಕೆಯಲ್ಲಿ ಯಾರೂ ಇರಲಿಲ್ಲ. ಸಭೆ ಆಕಳಿಸಿತು. ಅಂದು ರಾತ್ರಿ ಊರಿನ ಮೈದಾನದಲ್ಲಿ ಅದೇ ಮಕ್ಕಳು ತಮಿಳು ಹಾಡಿಗೆ ಕುಣಿದವು. ಕುಣಿಯದೆ ಏನು ಮಾಡಬೇಕಿತ್ತು? ಹಚ್ಚಿದ ಬಣ್ಣ ಇತ್ತು, ಕಲಿತ ಹೆಜ್ಜೆ ಇತ್ತು, ಹಾಡು ಮಾತ್ರ ನಾವು ಕಿತ್ತುಕೊಂಡಿದ್ದೆವು.

ನಮ್ಮ ಜಗಳ ಇರುವುದು ಇಲ್ಲಿ. ಕನ್ನಡ ಎಂದರೆ ನವೆಂಬರಿನಲ್ಲಿ ಎದ್ದುನಿಂತು ಹಾಡುವುದು, ಕೈಕಟ್ಟಿ ಕೇಳುವುದು, ಭಾಷಣ, ಶಾಲು, ಹಾರ. ತಮಿಳು ಎಂದರೆ ಬಸ್ಸು, ಮೈದಾನ, ಮದುವೆ ಮನೆ, ನಗು, ಕುಣಿತ. ಹೀಗೆ ಪಾಲು ಮಾಡಿಕೊಟ್ಟ ಮೇಲೆ ಹತ್ತು ವರ್ಷದ ಮಗು ಯಾವ ಕಡೆ ಓಡುತ್ತದೆ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ. ಸಿಂಗಾನಲ್ಲೂರು ಕಡೆ ದೇವಾಂಗರ ಮನೆಗಳಿಗೆ ಹೋಗಿ ನೋಡಿ. ಮನೆಯೊಳಗೆ ತಲೆಮಾರುಗಳಿಂದ ಕನ್ನಡ, ಬರವಣಿಗೆ ತಮಿಳು. ಬಂದವರನ್ನು ಬಾಯಿ ತುಂಬ ಕನ್ನಡದಲ್ಲೇ ಮಾತಾಡಿಸುತ್ತಾರೆ, ಆ ಕನ್ನಡ ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಒಂದು ಹಾಡು ಹೇಳಪ್ಪಾ ಎಂದರೆ ಹುಡುಗ ತಮಿಳು ಹಾಡು ಹೇಳುತ್ತಾನೆ. ಬೈಯುವ ಕನ್ನಡ ಇದೆ, ಊಟಕ್ಕೆ ಕರೆಯುವ ಕನ್ನಡ ಇದೆ, ಖುಷಿಯ ಕನ್ನಡ ಇಲ್ಲ. ಅವನಿಗೆ ಅದನ್ನು ಯಾರು ಕೊಟ್ಟರು? ತಮಿಳರ ಮೇಲೆ ತಪ್ಪು ಹೊರಿಸುವುದು ಸುಲಭ. ಅವರು ತಮ್ಮ ಮಕ್ಕಳನ್ನು ಕುಣಿಸಿದರು, ಅಷ್ಟೇ. ನಮ್ಮ ಮಕ್ಕಳನ್ನು ಕುಣಿಯಬೇಡಿ ಎಂದವರು ನಮ್ಮವರೇ.

ಟಿಸಿಎಚ್ ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೇ ಆಟದಿಂದ ಪಾಠಕ್ಕೆ ಹೋಗಿ ಎಂದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿಗೆ 'ನಲಿ-ಕಲಿ' ಎಂದು ಹೆಸರಿಟ್ಟರು. ನಲಿ ಮೊದಲು, ಕಲಿ ಆಮೇಲೆ. ಹೆಸರಿಟ್ಟವರು ಸುಮ್ಮನೆ ಪ್ರಾಸಕ್ಕೆ ಇಟ್ಟದ್ದಲ್ಲ. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಕಲಿ ಮಾತ್ರ ಉಳಿದಿದೆ, ಅದೂ ಕೈಕಟ್ಟಿಕೊಂಡು.

ಹಾಗೆಂದು ಎಲ್ಲ ಕುಣಿತದ ಹಾಡಿಗೂ ನಾವು ವಕಾಲತ್ತು ಹಾಕುತ್ತಿಲ್ಲ. ಈಗ ಬರುವ ಕೆಲವು ಹಾಡುಗಳ ಮಾತು ಮಕ್ಕಳ ಬಾಯಲ್ಲಿ ಕೇಳಲು ನಮಗೇ ನಾಚಿಕೆ. ಅದನ್ನು ಬೇಡ ಎನ್ನುವುದು ಮೇಷ್ಟ್ರ ಕೆಲಸ. ಆದರೆ ಬೇಡ ಎಂದ ಮೇಲೆ ಬೇರೊಂದನ್ನು ಕೈಗೆ ಕೊಡಬೇಕಲ್ಲ? ಚಿ. ಉದಯಶಂಕರ್ ಬರೆದ ಹುಡುಗಾಟದ ಹಾಡಿನಲ್ಲಿ ಅಶ್ಲೀಲದ ಸೋಂಕಿಲ್ಲ, ಕನ್ನಡ ಅಚ್ಚುಕಟ್ಟು, ಉಚ್ಚಾರಕ್ಕೆ ಸಲೀಸು. ಅಲ್ಪಪ್ರಾಣ, ಮಹಾಪ್ರಾಣ ತಿದ್ದಲು ತಮಿಳು ಸೀಮೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಧನ ನಾವು ಕಂಡಿಲ್ಲ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ನಮ್ಮ ಮಕ್ಕಳು ಗೀತವನ್ನು ಕೀತ ಎನ್ನುತ್ತವೆ. ಹತ್ತು ಸಲ ಬರೆಸಿದರೂ ಹೋಗದ ತಪ್ಪು ತಾಳದಲ್ಲಿ ಹಾಡಿಸಿದರೆ ಒಂದು ವಾರಕ್ಕೆ ಹೋಗುತ್ತದೆ. ಎಸ್ಪಿಬಿ ಅವರ ಮನೆಮಾತು ತೆಲುಗು, ಬೆಳೆದದ್ದು ಆಂಧ್ರದಲ್ಲಿ, ಬದುಕಿದ್ದು ಮದರಾಸಿನಲ್ಲಿ. ಅವರ ಕನ್ನಡ ಕೇಳಿ, ಒಂದು ಒತ್ತಕ್ಷರ ಜಾರುವುದಿಲ್ಲ! 2020ರ ಸೆಪ್ಟೆಂಬರಿನಲ್ಲಿ ಅವರು ಹೋದಾಗ ನಮ್ಮ ಶಾಲೆಯ ಮಕ್ಕಳಿಗೆ ಹೇಳಲು ನಮ್ಮ ಬಳಿ ಇದ್ದ ದೊಡ್ಡ ಮಾತು ಇದೊಂದೇ.

ಆಗ ಹಾಡು ತೆಗೆಸಿದ ಹಿರಿಯರು ಇದನ್ನು ಓದಿದರೆ ಅವರಿಗೊಂದು ಪ್ರಶ್ನೆ. ಚಿನ್ನದ ಪದಕದ ಗಿಟಾರ್ ವಾದಕ, ಪದ್ಮವಿಭೂಷಣ, ಸಿಂಫನಿಕಾರ. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯನಿಗೆ 1981ರ ತನ್ನ ತುಂಟತನದ ಬಗ್ಗೆ ನಾಚಿಕೆ ಇಲ್ಲ. ಜನ ಕೇಳಿದರೆ ಮತ್ತೆ ಹಾರ್ಮೋನಿಯಂ ಎಳೆದುಕೊಳ್ಳುತ್ತಾರೆ. ಅವರಿಗಿಲ್ಲದ ನಾಚಿಕೆ ಅವರ ಪರವಾಗಿ ನಿಮಗೇಕೆ?

ಈ ನವೆಂಬರಿನ ಕಾರ್ಯಕ್ರಮದಲ್ಲಿ ನಾಡಗೀತೆ ಆದ ಮೇಲೆ ಎರಡನೆಯದಾಗಿ 'ಸಂತೋಷಕ್ಕೆ' ಇಟ್ಟಿದ್ದೇವೆ. ಎರಡನೆಯದು ಯಾಕೆಂದರೆ ಕೊನೆಗೆ ಇಟ್ಟರೆ ಅತಿಥಿಗಳ ಭಾಷಣ ಉದ್ದವಾಗಿ ಮಕ್ಕಳ ಹಾಡು ಹಾರಿಹೋಗುತ್ತದೆ, ಅನುಭವಸ್ಥ ಮೇಷ್ಟ್ರುಗಳಿಗೆ ಇದು ಗೊತ್ತು. ಗಿಟಾರ್ ಕೊಳ್ಳಲು ಶಾಲೆಯಲ್ಲಿ ಹಣವಿಲ್ಲ. ಏಳನೇ ತರಗತಿಯವರು ರಟ್ಟು ಕತ್ತರಿಸಿ, ಮಗ್ಗದ ಮನೆಯಿಂದ ತಂದ ನೂಲು ಕಟ್ಟಿ ಮೂರು ಮಾಡಿದ್ದಾರೆ. ನಾಲ್ಕನೆಯದಕ್ಕೆ ರಟ್ಟು ಬೇಕಾಗಿದೆ, ಯಾರ ಮನೆಯಲ್ಲಾದರೂ ಟಿವಿ ತಂದ ಪೆಟ್ಟಿಗೆ ಇದ್ದರೆ ಶನಿವಾರದೊಳಗೆ ಕಳುಹಿಸಿಕೊಡಿ.